ಥಂಡಿ ಹತ್ತೀತು, ಒಳಗ ಬಾ

ಪಂಚಮಿ ಮುಗೀತು. ಶೇಂಗಾ ಉಂಡಿ ಡಬ್ಬಿಯ ತಳಾ ಕಾಣಲಿಕ್ಕೆ ಹತ್ತೇದ. ಮಧ್ಯಾಹ್ನ ಒಂದೀಟು ಕೂಡಲಿಕ್ಕೆ ಪುರುಸೊತ್ತು ಸಿಕ್ಕದ, ಅದಕ್ಕ ಬರೀಲಿಕ್ಕೆ ಕೂತೇನಿ. ನಾ ಮಗಳ ಬಾಣಂತನ ಮುಗಿಸ್ಕೊಂಡು ಅರಬ ದೇಶದಿಂದ ಬಂದ ಮ್ಯಾಲೆ ನೀವೆಲ್ಲಾರೂ ಕೇಳಿದ್ದು ಒಂದ ಮಾತು. "ಏನೇನ್ ನೋಡಿ ಬಂದಿ? ಆ ಮುಗಲ ಮುಟ್ಟೂ ಕಟ್ಟಡ ನೋಡಿದ್ಯೋ ಇಲ್ಲೋ? ಬಂಗಾರದ ಬಜಾರಕ್ಕ ಹೋಗಿದ್ಯೋ ಇಲ್ಲೋ?" ಎರಡೂ ನೋಡಲಿಲ್ರಿ. ಅದರದೇನು ಹಳಹಳಿ ಇಲ್ಲ. ಆದ್ರ ನೋಡಬೇಕಾದದ್ದು ಇನ್ನೊಂದಿತ್ತು, ಮನಿ ಹತ್ರನ ಇತ್ತು, ಅದನ್ನ ನೋಡಲಾರದ ಬಂದೆ. ಅದು ಐಸ್ ಹಾಕಿ. ನಗಬ್ಯಾಡ್ರಿ.

ಮಗಳು ಇರೂದು ಅಲ್ ಐನ್ ಅನ್ನೂ ಊರಾಗ. ದುಬೈದಿಂದ ಮೋಟಾರಿನ್ಯಾಗ ಒಂದೂವರಿ ತಾಸು. ಖರ್ಜೂರದ ಗಿಡ ಭಾಳ, ನೋಡಲಿಕ್ಕೆ ತಂಪು ಊರು, ಆದ್ರ ಬಾಗಲಾ ತಗದ್ರ ಒಲಿ ಮುಂದ ನಿಂತಂಗ. ಕೂಸು ಹುಟ್ಟಿದ್ದು ಮೇ ತಿಂಗಳ ನಡುವ. ಅದ ತಿಂಗಳು 24ನೇ ತಾರೀಖಿಗೆ ಅದ ಸೀಮಿಯೊಳಗಿನ ಸ್ವೈಹಾನ್ ಅನ್ನೂ ಕಡೆ 51.6 ಡಿಗ್ರಿ ಬಿಸಲು ಬಿತ್ತು. ನಮ್ಮ ಧಾರವಾಡದಾಗ 38 ಆದ್ರ ನಾವು "ಸತ್ತೇವಿ" ಅಂತೇವಿ!

ಹೊರಗ ಹಂಗ, ಒಳಗ ಎ.ಸಿ. ಬಾಣಂತಿ ಮನಿಯೊಳಗ ಎ.ಸಿ. ಅಂದ್ರ ನನ್ನ ಜೀವ ಅರ್ಧ ಆತು. ಬಂದ್ ಮಾಡಿದ್ರ ಕೂಸಿನ ಮೈ ತುಂಬ ಬೆವರುಸಾಲಿ, ಹಚ್ಚಿದ್ರ ಥಂಡಿ. ಶೇಗಡಿ ಹಚ್ಚೂ ಹಂಗಿಲ್ಲ. ಒಮ್ಮೆ ಧೈರ್ಯ ಮಾಡಿ ಕೂಸಿನ ತಲಿಗೆ ಲೋಬಾನ ಹಾಕಲಿಕ್ಕೆ ಹೋದೆ, ಛತ್ತಿನ್ಯಾಗಿನ ಗಂಟಿ ಹೊಡಕೊಳ್ಳಲಿಕ್ಕೆ ಹತ್ತಿ ಕೆಳಗಿಂದ ವಾಚ್‌ಮನ್ ಓಡಿ ಬಂದ. ಆಮ್ಯಾಲೆ ಲೋಬಾನದ ಡಬ್ಬಿ ಪೆಟಿಗ್ಯಾಗ ಹೋತು. ಉಳಿದದ್ದು ನನ್ನ ಬಾಯಿ ಅಷ್ಟ. "ಕಿವಿಗೆ ಕಟ್ಕೋ. ಕಾಲಚೀಲಾ ಹಾಕ್ಕೋ. ತಣ್ಣೀರು ಮುಟ್ಟಬ್ಯಾಡ. ಥಂಡಿ ಹತ್ತೀತು." ದಿನಕ್ಕ ನಲವತ್ತು ಸಲ ಅಂದಿರಬೇಕು. ಅಂಟಿನುಂಡಿ, ಅಳವಿ ಪಾಯಸ, ಸಬ್ಬಸಗಿ ಪಲ್ಯಾ, ಎಣ್ಣಿ, ನೀರು. ಇದರಾಗ ಹೊರಗ ಏನು ನಡದದ ಅಂತ ನಂಗ ಗೊತ್ತಾಗೂದು ಹೆಂಗ?

ಅಲ್ಲಾ, ಸುದ್ದಿ ಬರ್ತಿರಲಿಲ್ಲ ಅಂತೇನಲ್ಲ. ಜೂನ್ 3ಕ್ಕ ನಮ್ಮ ಆರ್‌ಸಿಬಿ 18ನೇ ಹಂಗಾಮಿನ್ಯಾಗ ಕಡೀಕ ಕಪ್ ಗೆದ್ದಾಗ ಆ ಸಣ್ಣ ಮನಿಯೊಳಗ ಅಳಿಯಂದ್ರ ಗೆಳ್ಯಾರು ಹತ್ತು ಮಂದಿ ಕೂತಿದ್ರು. ನಾ ಎರಡು ಸಲ ಮಂಡಾಳೊಗ್ಗರಣಿ ಮಾಡಿದೆ. ಮರುದಿನ ಬೆಂಗಳೂರಾಗ ನೂಕುನುಗ್ಗಲಿನ್ಯಾಗ 11 ಮಂದಿ ಹೋದ ಸುದ್ದಿ ಬಂತು. ಆ ಹುಡುಗರ ಫೋಟೋ ನೋಡಿ ನಾ ಆ ದಿನ ಊಟಾ ಮಾಡಲಿಲ್ಲ. ಫೋನು ತಗದ್ರ ಅದ, ಟಿವಿ ಹಚ್ಚಿದ್ರ ಅದ.

ಆಮ್ಯಾಲೆ ಅವರ ಈದ್ ಹಬ್ಬದ ಸೂಟಿ ಬಂತು. ಅಳಿಯಂದ್ರು ಮನ್ಯಾಗ ಇದ್ರು. ಚಹಾ ಕುಡಕೋತ ಫೋನು ನೋಡಲಿಕ್ಕೆ ಹತ್ತಿದವರು, "ಅತ್ತೀ, ಇಲ್ಲೇ ನಮ್ಮೂರಾಗ ಇಂಡಿಯಾದ ಹುಡಿಗ್ಯಾರು ಐಸ್ ಹಾಕಿ ಆಡಿ ಕಂಚು ಗೆದ್ದಾರ ನೋಡ್ರಿ" ಅಂದ್ರು.

ನಾ ಮೊದಲ ತಿಳೀಲಿಲ್ಲ. "ಈ ಬಿಸಲಾಗ ಐಸ್ ಎಲ್ಲಿಂದ ಬಂತು?" ಅಂದೆ.

ಒಳಗ ಮಶೀನಿಂದ ಐಸ್ ಮಾಡಿ ಹಾಸಿದ ದೊಡ್ಡ ಅಂಗಳ ಅದ ಅಂತ, ಇದ ಅಲ್ ಐನ್‌ನೊಳಗ. ಮೇ 31ರಿಂದ ಜೂನ್ 6ರ ತನಕ ಹೆಣ್ಣುಮಕ್ಕಳ ಏಶಿಯಾ ಕಪ್ ಅಲ್ಲೇ ನಡದದ. ನಮ್ಮ ದೇಶದ ಹೆಣ್ಣುಮಕ್ಕಳ ಐಸ್ ಹಾಕಿ ತಂಡಕ್ಕ ಏಶಿಯಾ ಕಪ್ಪಿನ್ಯಾಗ ಬಂದ ಮೊದಲನೇ ಪದಕ ಅದು. ಒಂದು ವಾರ, ಒಂದ ಊರಾಗ. ನಾ ಇಲ್ಲಿ ಕೂಸಿನ ಅರಿವಿ ಒಣಗಸ್ತಿದ್ದೆ, ಅಲ್ಲಿ ಅವರು ಆಡ್ತಿದ್ರು. ಅಲ್ಲಿಯ ಕನ್ನಡ ಮಂದಿಯ ವಾಟ್ಸಪ್ ಗುಂಪಿನ್ಯಾಗ ಇನ್ನೂರು ಮಂದಿ ಇದ್ದಾರ. ಮಾವಿನ ಹಣ್ಣು ಯಾವ ಅಂಗಡಿಗೆ ಬಂದಾವ ಅನ್ನೂದು ಎಲ್ಲಾರಿಗೂ ಗೊತ್ತು, ಇದು ಒಬ್ಬರಿಗೂ ಗೊತ್ತಿರಲಿಲ್ಲ.

ಆವತ್ತಿಂದ ರಾತ್ರಿ ನಂಗೂ ಮಗಳಿಗೂ ಅದ ಉದ್ಯೋಗ ಆತು. ಕೂಸು ರಾತ್ರಿ ಎರಡಕ್ಕ ಏಳ್ತದ. ಅಕಿ ಹಾಲು ಕುಡಸಕೋತ ಒಂದು ಕೈಯಾಗ ಫೋನು ಹಿಡದು ಇಂಗ್ಲಿಷಿನ್ಯಾಗ ಇದ್ದದ್ದನ್ನ ಓದಿ ನಂಗ ಕನ್ನಡದಾಗ ಹೇಳೂದು, ನಾ ಕೂಸಿನ ಕಾಲು ಒತಗೋತ ಕೇಳೂದು.

ಆ ಹುಡಿಗ್ಯಾರೊಳಗ ಹೆಚ್ಚಿನವರು ಲದಾಖ್‌ನವರು, ಕೆಲವೊಬ್ಬರು ಹಿಮಾಚಲದ ಸ್ಪಿತಿ ಕಡಿಯವರು. ಲೇಹ ಊರು ಸಮುದ್ರಕ್ಕಿಂತ 11,500 ಅಡಿ ಮ್ಯಾಲದ. ಚಳಿಗಾಲದಾಗ ರಾತ್ರಿ ಸೊನ್ನೆಗಿಂತ 15-20 ಡಿಗ್ರಿ ಕೆಳಗ ಹೋಗ್ತದ. ಅಲ್ಲಿ ಕೆರಿ, ಹೊಂಡ ಹೆಪ್ಪುಗಟ್ಟಿ ಕಲ್ಲಾಗ್ತಾವ, ಅದರ ಮ್ಯಾಲೆ ಆಟ. ಐಸ್ ಸಪಾಟ ಆಗಬೇಕಂದ್ರ ರಾತ್ರಿ ಹೊತ್ನ್ಯಾಗ ನೀರು ಹೊಯ್ಯಬೇಕು. ಹೊಯ್ದ ನೀರು ಬೆಳಗಾಗೂದ್ರಾಗ ಗಟ್ಟಿ ಆಗ್ತದ, ಮತ್ತ ಹೊಯ್ಯಬೇಕು. ನಾವು ಅಂಗಳಕ್ಕ ಸಗಣಿ ಸಾರಿಸಿದಂಗ ಅನಕೋರಿ, ಆದ್ರ ಆ ಥಂಡ್ಯಾಗ. ಈ ಆಟ ಅಲ್ಲಿಗೆ ಮಿಲಿಟರಿಯವರಿಂದ ಬಂದದ್ದಂತ. ಮೊದಮೊದಲು ಮಿಲಿಟರಿ ಬೂಟಿನ ತಳಕ್ಕ ಕಬ್ಬಿಣದ ಪಟ್ಟಿ ಜಡದು ಜಾರತಿದ್ರಂತ. ಗಂಡಸರ ಆಟ ಆಗಿತ್ತು. ಹುಡಿಗ್ಯಾರಿಗೆ ಹುಡುಗರು ಆಡಿ ಬಿಟ್ಟ ವ್ಯಾಳ್ಯಾ, ಹುಡುಗರು ಆಡಿ ಬಿಟ್ಟ ಬೂಟು. ಈ ಮಾತು ಕೇಳಿ ನಮ್ಮಿಬ್ಬರಿಗೂ ಏನೂ ಆಶ್ಚರ್ಯ ಆಗಲಿಲ್ಲ ನೋಡ್ರಿ.

ನಂಗ ಆಶ್ಚರ್ಯ ಆದದ್ದು ಬ್ಯಾರೆ. ಲೇಹದಾಗ ಐಸ್ ಇರೂದು ವರ್ಷಕ್ಕ ಎರಡು ತಿಂಗಳು, ಭಾಳಂದ್ರ ಎರಡೂವರಿ. ಬಿಸಲು ಬಿತ್ತಂದ್ರ ಅಂಗಳನ ಕರಗಿ ಹೋಗ್ತದ. ಅದ ಥಾಯ್ಲಂಡ್, ಮಲೇಶಿಯಾ, ಫಿಲಿಪೀನ್ಸ್ ಹುಡಿಗ್ಯಾರಿಗೆ ಮಾಲಿನ್ಯಾಗ 12 ತಿಂಗಳೂ ಐಸ್. ಹಿಮಾನ ಬೀಳದ ಊರಿನವರಿಗೆ ವರ್ಷಪೂರ್ತಿ, ಹಿಮದಾಗ ಹುಟ್ಟಿದವರಿಗೆ ಎರಡ ತಿಂಗಳು! ನಮ್ಮ ದೇಶದಾಗ ದೊಡ್ಡ ಅಂಗಳ ಇಲ್ಲ ಅಂತಲ್ಲ. ಡೆಹ್ರಾಡೂನಿನ್ಯಾಗ 2011ರಾಗ ಕಟ್ಟಿದ್ರು. ಸೌತ್ ಏಶಿಯನ್ ವಿಂಟರ್ ಗೇಮ್ಸ್ ಅಂತ ಒಂದು ಆತು, ಆಮ್ಯಾಲೆ ಕರೆಂಟಿನ ಖರ್ಚಿಗೆ ಹೆದರಿ ಬಾಗಲಾ ಹಾಕಿದ್ರು. ವರ್ಷಾನುಗಟ್ಟಲೆ ಮುಚ್ಚಿತ್ತು. ಮತ್ತ ತಗದದ್ದು ಈ 2025ರಾಗ. ಮದವಿಗಂತ ತಂದ ದೊಡ್ಡ ಹಂಡೆ ಆಮ್ಯಾಲೆ ಅಟ್ಟಾ ಸೇರಿದಂಗ.

ತಂಡ ಮೊದಲನೇ ಸಲ ಹೊರಗ ಹೋಗಿದ್ದು 2016ರಾಗ, ತೈಪೆ ಊರಿಗೆ. ಹೋಗಲಿಕ್ಕೆ ರೊಕ್ಕಾ ಇಲ್ಲ, ಮಂದಿ ಕಡೆ ಚಂದಾ ಎತ್ತಿ ಹೋದ್ರು. ಆಡಿದ ಎಲ್ಲಾ ಪಂದ್ಯಾನೂ ಸೋತು ಬಂದ್ರು. ಒಂದೂ ಬಿಡಲಿಲ್ಲ. ಮಗಳು ಇದನ್ನ ಓದಿದಾಗ ನಾ ಅಂದೆ, "ಹಂಗ ಸೋತು ಬಂದ ಮ್ಯಾಲೆ ಮನ್ಯಾಗ ಮತ್ತ ಕಳಿಸ್ಯಾರಲ್ಲ, ಆ ತಾಯಂದ್ರು ಗಟ್ಟಿ." ಮಗಳು ಏನೂ ಅನ್ನಲಿಲ್ಲ. ಆ ಸುಮ್ಮನಿದ್ದದ್ದು ನಂಗ ಆವಾಗ ತಿಳೀಲಿಲ್ಲ.

ಮರುವರ್ಷ, 2017ರ ಮಾರ್ಚಿನ್ಯಾಗ, ಬ್ಯಾಂಕಾಕ್‌ದಾಗ ಫಿಲಿಪೀನ್ಸ್ ಮ್ಯಾಲೆ 4-3ರಿಂದ ಗೆದ್ದ್ರು. ಮೊದಲನೇ ಗೆಲುವು. ಒಂದ ಗೋಲಿನ ಅಂತರ. ಐಸ್ ಮ್ಯಾಲೆ ಸಾಲಾಗಿ ನಿಂತು ಕಣ್ಣೀರು ಹಾಕ್ಯಾರ. ಮುಂದ ಮಲೇಶಿಯಾ ಮ್ಯಾಲೂ ಗೆದ್ದ್ರು. ಆವಾಗ ಗೋಲು ಕಾಯತಿದ್ದಾಕಿ ನೂರ್ ಜಹಾನ್ ಅಂತ. ಅಕಿ ಉದ್ಯೋಗ ಏನಂದ್ರ ಹಳೇ ಚಿತ್ರ ಹಾಳಾಗಲಾರದಂಗ ಉಳಿಸೂದು. ಹಗಲೆಲ್ಲಾ ಸಣ್ಣ ಕುಂಚ ಹಿಡದು ಕೂಡೂ ಕೈ, ಸಂಜಿಗೆ ಮೈತುಂಬ ಜಾಡಿನ ಕವಚ ಹಾಕ್ಕೊಂಡು ಗೋಲಿನ ಮುಂದ! ದಿಸ್ಕಿತ್ ಆಂಗ್ಮೊ ಅಂತ ಇನ್ನೊಬ್ಬಾಕಿ, ಅಕಿ ಮಾತಾಡೂ ವಿಡಿಯೊ ನಾ ಮೂರು ಸಲ ನೋಡೇನಿ. ಸಿಟ್ಟಿಲ್ಲ, ಅಳು ಇಲ್ಲ, ಅಕ್ಕಿ ಆರಿಸಕೋತ ಮಾತಾಡಿದಂಗ ಮಾತಾಡ್ತಾಳ. 2018ರ ಜನವರಿಯೊಳಗ ಹೇಲಿ ವಿಕೆನ್‌ಹೈಸರ್ ಅನ್ನಾಕಿ ಲೇಹಕ್ಕ ಬಂದ್ಲು. ಒಲಿಂಪಿಕ್ಸ್‌ದಾಗ ಕೆನಡಾಕ್ಕ ನಾಕು ಸಲ ಬಂಗಾರ ಗೆದ್ದಾಕಿ ಅಂತ, ಇವರ ಜೋಡಿ ಹೆಪ್ಪುಗಟ್ಟಿದ ಐಸ್ ಮ್ಯಾಲೆ ಆಡಿ, ಅದ ವರ್ಷ ತಾ ನಡಸೂ ಆಟಕ್ಕ ಕ್ಯಾಲ್ಗರಿಗೂ ಕರಸ್ಕೊಂಡ್ಲು.

2016ರಿಂದ 2025. ಒಂಬತ್ತು ವರ್ಷ. ವರ್ಷಕ್ಕ ಎರಡು ತಿಂಗಳಿನಂಗ ಲೆಕ್ಕಾ ಹಾಕಿದ್ರ ಲದಾಖ್‌ನ ಐಸ್ ಅವರಿಗೆ ಸಿಕ್ಕದ್ದು ಒಂದೂವರಿ ವರ್ಷ ಅಷ್ಟ. ಅಷ್ಟರಾಗ ಕಂಚು.

ಒಂದು ರಾತ್ರಿ ನಾ ಮಗಳಿಗೆ ಕೇಳಿದೆ, "ಈ ಆಟ ತಿಳೀವಲ್ದಲ್ಲ, ಇವರು ಯಾಕ ಗಡಬಡಿಸಿ ಒಳಗ ಹೊರಗ ಓಡ್ತಾರ?"

ಅಕಿ ಹೇಳಿದ್ಲು. ಒಂದು ಕಡೆ ಆರು ಮಂದಿ, ಗೋಲಿನಾಕಿನ್ನ ಹಿಡದು. 20 ನಿಮಿಷದ್ದು ಮೂರು ಭಾಗ. ಚೆಂಡಿಲ್ಲ, ರಬ್ಬರಿನ ಬಿಲ್ಲಿ, ದೊಡ್ಡ ಬೆಲ್ಲದಚ್ಚಿನಂಥಾದ್ದು, 170 ಗ್ರಾಂ ಇರ್ತದ. ಆ ಐಸ್ ಮ್ಯಾಲೆ ಜೋರಾಗಿ ಜಾರಿದ್ರ ಒಂದು ನಿಮಿಷದಾಗ ಉಸರು ಹೋಗ್ತದ. ಅದಕ್ಕ ಆಟ ನಿಲ್ಲಸಲಾರದನ ಆಡವರು ಬಂದು ಕಟ್ಟಿ ಹತ್ತತಾರ, ಕೂತವರು ಕಟ್ಟಿ ಜಿಗದು ಒಳಗ ಹೋಗ್ತಾರ.

"ಖೋ ಕೊಟ್ಟಂಗ ಅವ್ವಾ" ಅಂದ್ಲು. "ಬೆನ್ನಿಗೆ ಕೈ ಹತ್ತಿದ್ದ ತಡಾ ಎದ್ದಬಿಡಬೇಕು. ಕೂತಾಗನ ಅರ್ಧಾ ಎದ್ದಿರಬೇಕು. ಎದ್ದ ಮ್ಯಾಲೆ ವಿಚಾರ ಮಾಡ್ತೇನಿ ಅಂದ್ರ ಹೋತು."

ಇಷ್ಟು ಹೇಳೂದ್ರಾಗ ಅಕಿ ಮಾರಿ ಬ್ಯಾರೆ ಆಗಿತ್ತು. ಮೂರು ವಾರದ ಬಾಣಂತಿ, ಕಿವಿಗೆ ನಾ ಕಟ್ಟಿದ ಅರಿವಿ, ತೊಡಿ ಮ್ಯಾಲೆ ಕೂಸು. ಆದ್ರ ಕೂತ ರೀತಿ ಬ್ಯಾರೆ. ಒಂದು ಮೊಳಕಾಲು ಎತ್ತಿ, ಮುಂದ ಬಾಗಿ. ನಾ ಅದನ್ನ 13 ವರ್ಷದಿಂದ ನೋಡಿರಲಿಲ್ಲ.

ನಮ್ಮ ಓಣಿಯವರಿಗೆ ಗೊತ್ತದ, ನನ್ನ ಮಗಳು ಖೋ-ಖೋ ಛಲೋ ಆಡ್ತಿದ್ಲು. ಪಿಯುಸಿ ಮೊದಲನೇ ವರ್ಷ ಇದ್ದಾಗ ಜಿಲ್ಲಾದಾಗ ಆಡಿ ರಾಜ್ಯಮಟ್ಟಕ್ಕ ಆರಿಸಿ ಬಂದಿದ್ಲು. ಹೋಗಲಿಲ್ಲ. ಅವರಪ್ಪ ಕಳಿಸಲಿಲ್ಲ ಅಂತ ಎಲ್ಲಾರೂ ಅಂತೀರಿ. ಮಗಳೂ ಹಂಗ ತಿಳಕೊಂಡಿದ್ಲು. ನಾ ಇವತ್ತು ಇದನ್ನ ಬರೀಲಿಕ್ಕೆ ಕೂತದ್ದು ಅದಕ್ಕ. ಅವರಪ್ಪಗ ಆ ವಿಷಯನ ಗೊತ್ತಿರಲಿಲ್ಲ. ಕಾಲೇಜಿಂದ ಒಪ್ಪಿಗಿ ಪತ್ರ ಬಂದಿತ್ತು, ತಂದಿ ತಾಯಿ ಸಹಿ ಬೇಕಿತ್ತು. ಅದನ್ನ ನಾ ಇವರಿಗೆ ತೋರಿಸಲೇ ಇಲ್ಲ. ಐದು ದಿನ ಬ್ಯಾರೆ ಊರು, ಒಬ್ಬರ ಮೇಡಂ, ಹನ್ನೆರಡು ಹುಡಿಗ್ಯಾರು, ಎಲ್ಲೋ ಸಾಲ್ಯಾಗ ನೆಲದ ಮ್ಯಾಲೆ ಮಲಗೂದು. ಡಿಸೆಂಬರ್ ತಿಂಗಳು. ಆಗಲೇ ಬಿಸಲಾಗ ಆಡಿ ಕಪ್ಪಾಗಿದ್ಲು, ಮೊಳಕಾಲ ಮ್ಯಾಲೆ ಕಲಿ ಬಿದ್ದಿತ್ತು, ಮಂದಿ ಅನ್ನಲಿಕ್ಕೆ ಹತ್ತಿದ್ರು. ಇವರಿಗೆ ತೋರಿಸಿದ್ರ "ಹೋಗಲಿ ಬಿಡು" ಅಂತಿದ್ರು, ಖಾತ್ರಿ ಇತ್ತು ನಂಗ. ಅದಕ್ಕ ತೋರಿಸಲಿಲ್ಲ. ಮಗಳಿಗೆ "ನಿಮ್ಮಪ್ಪ ಬ್ಯಾಡಂದ್ರು" ಅಂದೆ. ಅಕಿ ಅತ್ತಾಗ, "ಆ ಥಂಡ್ಯಾಗ ನೆಲದ ಮ್ಯಾಲೆ ಮಲಗಿದ್ರ ಏನಾದೀತು, ನಿನ್ನ ಛಲೋದಕ್ಕ" ಅಂತನೂ ಅಂದೆ.

ಅಕಿ ಮತ್ತ ಆಡಲಿಕ್ಕೆ ಹೋಗಲಿಲ್ಲ. 2025ರ ಜನವರಿಯೊಳಗ ದಿಲ್ಲಿಯೊಳಗ ಖೋ-ಖೋ ಮೊದಲನೇ ವಿಶ್ವಕಪ್ ಆತಲ್ಲ, ನಮ್ಮ ಹುಡಿಗ್ಯಾರು ಗೆದ್ದ್ರಲ್ಲ, ಆವಾಗ ಅಕಿ ಆ ಸುದ್ದಿ ನಂಗ ಸುಮ್ಮನ ಕಳಿಸಿದ್ಲು. ಒಂದಕ್ಷರ ಬರದಿರಲಿಲ್ಲ. ನಾ ಒಂದು ಹೂವಿನ ಚಿತ್ರ ಒತ್ತಿ ಕೈ ತೊಳಕೊಂಡೆ.

ಆ ರಾತ್ರಿ ಅಕಿ ಖೋ ಅಂದ ಮ್ಯಾಲೆ ನಂಗ ತಡಕೊಳ್ಳಲಿಕ್ಕೆ ಆಗಲಿಲ್ಲ. ಹೇಳಿಬಿಟ್ಟೆ. ಬಾಣಂತಿಗೆ ಹೇಳೂ ಮಾತಲ್ಲ, ಗೊತ್ತದ. ಆದ್ರ ಹೇಳಿದೆ.

ಅಕಿ ಕೂಸಿನ್ನ ಈ ಹೆಗಲಿನಿಂದ ಆ ಹೆಗಲಿಗೆ ಹಾಕ್ಕೊಂಡ್ಲು. ಬೆನ್ನು ತಟ್ಟಿದ್ಲು. ಕೂಸು ತೇಗೂ ತನಕ ತಟ್ಟಿದ್ಲು. ಆಮ್ಯಾಲೆ ಕೇಳಿದ್ಲು, "ಅಪ್ಪಾ ನಂಗ ಬೂಟು ತಂದಿದ್ರು, ನೆನಪದ ಏನು?"

ನೆನಪಿತ್ತು. ಜಿಲ್ಲಾದಾಗ ಗೆದ್ದ ಖುಷಿಗೆ ಇವರು ಪಗಾರ ಬಂದ ದಿನ ಬಿಳೇ ಬೂಟು ತಂದಿದ್ರು. ಒಂದು ಸಲನೂ ಹಾಕ್ಕೊಳ್ಳಲಾರದ ಅಕಿ ಅದನ್ನ ನಮ್ಮ ನಾದಿನಿ ಮಗಳಿಗೆ ಕೊಟ್ಟುಬಿಟ್ಟಿದ್ಲು. ಇವರಿಗೆ ಭಾಳ ಕೆಟ್ಟನಿಸಿತ್ತು. ಯಾಕ ಅಂತ ಕೇಳಲಿಲ್ಲ, ಹುಡಿಗಿಗೆ ಬಣ್ಣ ಸೇರಿರಲಿಕ್ಕಿಲ್ಲ ಅಂದ್ರು.

"ಬೂಟು ತಂದು ಕೊಟ್ಟು ಆಮ್ಯಾಲೆ ಬ್ಯಾಡ ಅನ್ನಾಂವ ಎಂಥಾ ಅಪ್ಪ ಅಂತ 13 ವರ್ಷ ವಿಚಾರ ಮಾಡೇನಿ ಅವ್ವಾ" ಅಂದ್ಲು. ಅಷ್ಟ. ದೀಪಾ ಆರಿಸಿ ಮಲಗಿದ್ಲು.

ಎರಡು ದಿನ ನನ್ನ ಜೋಡಿ ಮಾತಿಲ್ಲ. ಎಣ್ಣಿ ಹಚ್ಚಿದ್ರ ಹಚ್ಚಿಸ್ಕೊಂಡ್ಲು, ಊಟಕ್ಕ ಹಾಕಿದ್ರ ಉಂಡ್ಲು, ನೀರು ಕಾದದೇನು ಅಂತ ಕೇಳಿದ್ಲು. ಅಳಿಯಂದ್ರು ಅಕಿ ಮಾರಿ, ನನ್ನ ಮಾರಿ ನೋಡಿ ಬಾಲ್ಕನಿಗೆ ಹೋಗಿಬಿಡತಿದ್ರು, ಆ ಬಿಸಲಾಗ, ಪಾಪ. ಮೂರನೇ ದಿನ ಅವರಪ್ಪಗ ಫೋನು ಹಚ್ಚಿ ನನ್ನ ಕೈಯಾಗ ಕೊಟ್ಟು, "ನೀನ ಹೇಳು" ಅಂದು ಎದರಿಗೆ ಕೂತ್ಲು.

ಹೇಳಿದೆ. ಇವರು ಭಾಳೊತ್ತು ಮಾತಾಡಲಿಲ್ಲ. ನಮ್ಮ ಮನಿ ಹಿಂದಿನ ಗಿರಣಿ ಸಪ್ಪಳ ಕೇಳಸ್ತಿತ್ತು ಫೋನಿನ್ಯಾಗ. ಆಮ್ಯಾಲೆ "ಅಕಿ ಕಡೆ ಕೊಡು" ಅಂದ್ರು. ಅಕಿ ಫೋನು ತಗೊಂಡು ಒಳಗ ಹೋಗಿ ಬಾಗಲಾ ಹಾಕ್ಕೊಂಡ್ಲು. ಮುಕ್ಕಾಲು ತಾಸು. ಏನು ಮಾತಾಡಿದ್ರೋ ಇಬ್ಬರೂ ನಂಗ ಇವತ್ತಿಗೂ ಹೇಳಿಲ್ಲ, ನಾನೂ ಕೇಳಿಲ್ಲ. ಹೊರಗ ಕೂಸಿನ್ನ ಹಿಡಕೊಂಡು ಕೂತಿದ್ದೆ.

ಊರಿಗೆ ಬಂದ ಮ್ಯಾಲೆ ರೇಷ್ಮಿ ಸೀರಿ ಟ್ರಂಕಿನ ತಳದಾಗಿಂದ ಆ ಪತ್ರ ತಗದೆ. ಹರದು ಒಗದಿರಲಿಲ್ಲ. ಯಾಕ ಇಟ್ಟಿದ್ದೆ ಅಂತ ಕೇಳಿದ್ರ ನಂಗ ಹೇಳಲಿಕ್ಕೆ ಬರೂದಿಲ್ಲ. ಪಂಚಮಿ ದಿನ ಇವರು ಪೇಪರ್ ಓದೂ ಟೇಬಲ್ ಮ್ಯಾಲೆ ಇಟ್ಟೆ. ಚಷ್ಮಾ ಹಾಕ್ಕೊಂಡು ಎರಡು ಸಲ ಓದಿದ್ರು. ಪೆನ್ನು ತಗೊಂಡು ತಂದಿ ಸಹಿ ಅಂತ ಖಾಲಿ ಬಿಟ್ಟಲ್ಲೆ ಸಹಿ ಮಾಡಿದ್ರು, ತಾರೀಖು ಇವತ್ತಿಂದ ಹಾಕಿದ್ರು, ಫೋಟೋ ಹೊಡದು ಮಗಳಿಗೆ ಕಳಿಸಿದ್ರು. ನಂಗ ಒಂದು ಮಾತೂ ಅನ್ನಲಿಲ್ಲ. ಅಂದಿದ್ರ ಛಲೋ ಇತ್ತು.

ಇನ್ನ ಯಾರಾದ್ರೂ ಓಣ್ಯಾಗ ಇವರ ಬಗ್ಗೆ ಆ ಹಳೇ ಮಾತು ತಗದ್ರ, ಕರೇ ಏನಂತ ನಿಮಗ ಈಗ ಗೊತ್ತದ.

ನಿನ್ನೆ ರಾತ್ರಿ ವಿಡಿಯೊ ಫೋನು ಬಂತು. ಕೂಸು ಮಗ್ಗಲಾ ಆಗಲಿಕ್ಕೆ ನೋಡ್ಲಿಕ್ಕೆ ಹತ್ತೇದ. ನೆಲದ ಮ್ಯಾಲೆ ಬರೇ ಒಂದು ತೆಳ್ಳನ ಚಾದರ ಹಾಸಿ ಮಲಗಿಸ್ಯಾಳ, ಮ್ಯಾಲೆ ಎ.ಸಿ. ಜೋರಾಗಿ ನಡದದ, ತಲಿಗೆ ಕುಂಚಿಗಿ ಇಲ್ಲ, ಕಾಲಿಗೆ ಚೀಲಾ ಇಲ್ಲ. ಲೇಹದಾಗ ಡಿಸೆಂಬರಿಗೆ ಮತ್ತ ಐಸ್ ಕಟ್ಟತದಂತ, ಮುಂದಿನ ಆಟ ಎಲ್ಲಿ ಅಂತ ನೋಡಿ ಹೇಳ್ತೇನಿ ಅಂತ ಮಗಳು ಅಂತಿದ್ಲು. ನಾ ಕೂಸಿನ ಬರೇ ಕಾಲ ನೋಡಲಿಕ್ಕೆ ಹತ್ತಿದ್ದೆ. ಇವರು ಬಾಜು ಕೂತು ನನ್ನ ಮಾರೀನ ನೋಡ್ತಿದ್ರು. ತಡಕೊಂಡೆ, ತಡಕೊಂಡೆ, ಆಗಲಿಲ್ರಿ.

"ಥಂಡಿ ಹತ್ತೀತಲ್ಲವಾ" ಅಂದುಬಿಟ್ಟೆ.